ಚುಕ್ಕಿಯ ಎಂಟು ಮೊಟ್ಟೆಗಳು

ಮಕ್ಕಳೇ, ಸಮುದ್ರ ಕಣ್ಣಿಗೆ ಕಾಣದಷ್ಟು ದೂರ, ಆದರೆ ಅದರ ಗಾಳಿ ಬಂದು ಮುಟ್ಟುವಷ್ಟು ಹತ್ತಿರ ಒಂದು ಹಿತ್ತಲಿತ್ತು. ಅಲ್ಲಿ ನಾಲ್ಕು ತೆಂಗಿನ ಮರ, ಅಗಲ ಎಲೆಯ ಒಂದು ಜೀಗುಜ್ಜೆ ಮರ, ಒಂದು ಬಾವಿ. ಬಾವಿಕಟ್ಟೆಯ ಪಕ್ಕದಲ್ಲಿ ಮರದ ಪಟ್ಟಿ ಹೊಡೆದು ಮಾಡಿದ ಕೋಳಿಗೂಡು. ಅದರಲ್ಲಿ ಐದು ಹೇಂಟೆಗಳು, ಒಂದು ಹುಂಜ.

ಬೆಳಿಗ್ಗೆ ಮನೆಯೊಡತಿ ರೋಸಿ ಬಾಯಮ್ಮ ಗೂಡಿನ ಬಾಗಿಲು ತೆಗೆದು, "ಬಾ ಬಾ ಬಾ" ಎಂದು ನುಚ್ಚಕ್ಕಿ ಎರಚಿದರೆ ಸಾಕು, ಹಿತ್ತಲಿಗೆ ಹಿತ್ತಲೇ ಎಚ್ಚರವಾಗುತ್ತಿತ್ತು. ಒಂದು ದಿನ ನಾಲ್ಕು ಮೊಟ್ಟೆ, ಮರುದಿನ ಹುಡುಕಿದರೂ ಒಂದಿಲ್ಲ. ಒಬ್ಬಳಿಗೆ ಪುಕ್ಕ ಉದುರುವ ಕಾಲ, ಇನ್ನೊಬ್ಬಳಿಗೆ ಹೇನಿನ ಕಾಟ. ಮಳೆ ಬಂದರೆ ಎಲ್ಲರೂ ಮುಖ ಸಣ್ಣದು ಮಾಡಿಕೊಂಡು ಸೂರಿನಡಿ ನಿಲ್ಲುವರು. ಹದ್ದಿನ ನೆರಳು ಬಿದ್ದರೆ ಕೆಂಜುಟ್ಟನೆಂಬ ಹುಂಜ ಗಂಟಲು ಹರಿಯುವ ಹಾಗೆ ಕೂಗುವನು, ಎಲ್ಲರೂ ಪೊದೆಯೊಳಗೆ ನುಗ್ಗುವರು.

ಹೇಂಟೆಗಳಲ್ಲಿ ಎಲ್ಲರಿಗಿಂತ ಚಿಕ್ಕವಳು ಚುಕ್ಕಿ. ಕಪ್ಪು ಮೈ, ಅದರ ಮೇಲೆ ಅಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕೆ. ಒಳ್ಳೆಯವಳೇ. ಆದರೆ ಎಚ್ಚರವಾಗಿದ್ದೇ ಕನಸು ಕಾಣುವ ಅಭ್ಯಾಸ. ಉಳಿದವರು ಮಣ್ಣು ಕೆದಕಿ ಹುಳ ಹೆಕ್ಕುವಾಗ ಇವಳು ಜೀಗುಜ್ಜೆ ಮರದಡಿ ನಿಂತು, ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ತುಣುಕುಗಳು ನೆಲದ ಮೇಲೆ ಅಲುಗಾಡುವುದನ್ನೇ ನೋಡುವಳು. ಅವು ಅವಳ ಕಣ್ಣಿಗೆ ಹಳದಿ ಮರಿಗಳಾಗಿ ಓಡಾಡುತ್ತಿದ್ದವು. ಅಷ್ಟರಲ್ಲಿ ಅವಳ ಕಾಲಬುಡದ ಹುಳವನ್ನು ಬೇರೆ ಯಾರೋ ನುಂಗಿಬಿಡುತ್ತಿದ್ದರು.

ಬೇಸಿಗೆ ಶುರುವಾದಾಗ ಚುಕ್ಕಿಯ ಎದೆಯಡಿ ಏನೋ ಬಿಸಿ ಹತ್ತಿಕೊಂಡಿತು. ಓಡಾಟ ಬೇಡವೆನಿಸಿತು, ಮುಟ್ಟಬಂದವರ ಮೇಲೆ ಪುಕ್ಕ ಉಬ್ಬಿಸಿ ಗುರುಗುಟ್ಟುವಂತಾಯಿತು.

ಅದನ್ನು ನೋಡಿ ಬೂದಿಬಣ್ಣದ ಹಿರಿಯ ಹೇಂಟೆ ಬೂದಕ್ಕ ನಕ್ಕಳು. "ನಿನಗೆ ಕಾವು ಬಂದಿದೆ ಕಣೇ. ಸುಮ್ಮನೆ ಗೂಡಿನಲ್ಲೇ ಕೂತುಬಿಡು. ಬಾಯಮ್ಮ ನೋಡಿದರೆ ಬುಟ್ಟಿಯಲ್ಲಿ ಹುಲ್ಲು ಹಾಸಿ, ಅಡುಗೆಮನೆಯ ಮೂಲೆಯಲ್ಲಿ ನಿನ್ನನ್ನು ಕಾವಿಗೆ ಇಡುತ್ತಾರೆ."

"ಅಲ್ಲಾ ಅಕ್ಕಾ, ಅಲ್ಲಿ ಬರೀ ಹೊಗೆ, ಪಾತ್ರೆ ಸದ್ದು. ನನ್ನ ಮರಿಗಳು ಗಾಳಿ, ಬಿಸಿಲು ನೋಡುತ್ತಾ ಬೆಳೆಯಬೇಕು."

"ಮೊಟ್ಟೆಯೊಳಗೆ ಕೂತು ಎಂಥ ಬಿಸಿಲು ನೋಡುತ್ತವೆಯೇ?"

ಹಿತ್ತಲಿನ ಕೊನೆಯಲ್ಲಿ ತೆಂಗಿನ ಒಣಗರಿಗಳ ರಾಶಿಯಿತ್ತು. ಅದರ ಹಿಂದೆ ಯಾರಿಗೂ ಕಾಣದ ಒಂದು ತಗ್ಗು. ಅಲ್ಲಿ ಚುಕ್ಕಿ ದಿನಕ್ಕೊಂದರಂತೆ ಕದ್ದು ಇಟ್ಟಿದ್ದ ಎಂಟು ಮೊಟ್ಟೆಗಳಿದ್ದವು. ಈಗ ಹೋಗಿ ಅವುಗಳ ಮೇಲೆ ಮೈಹರಡಿ ಕೂತಳು. ಬಾಯಮ್ಮ ಎರಡು ದಿನ ಹುಡುಕಿ, ನರಿ ಹಿಡಿದಿರಬೇಕು ಎಂದು ನಿಟ್ಟುಸಿರುಬಿಟ್ಟು ಸುಮ್ಮನಾದರು. ಚುಕ್ಕಿ ಎಲ್ಲಿದ್ದಾಳೆಂದು ಬೂದಕ್ಕನಿಗೆ ಮಾತ್ರ ಗೊತ್ತಿತ್ತು.

ಆ ಮರೆಯಲ್ಲಿ ಹಗಲುಗಳು ನಿಧಾನವಾಗಿ ತೇಲುತ್ತಿದ್ದವು. ಗರಿಗಳ ನೆರಳು ಚುಕ್ಕಿಯ ಬೆನ್ನಿನ ಮೇಲೆ ಬಂದು ಕೂರುವುದು, ಸರಿಯುವುದು. ದೂರದಲ್ಲಿ ಬಾವಿಯ ರಾಟೆ ಕಿರ್ ಎನ್ನುವುದು. ದಿನಕ್ಕೊಮ್ಮೆ ಓಡಿಹೋಗಿ ನಾಲ್ಕು ಕಾಳು ತಿಂದು, ನೀರು ಕುಡಿದು ಬರುವಾಗಲೂ ಅವಳ ಕಣ್ಣು ಮೊಟ್ಟೆಗಳ ಮೇಲಿರುತ್ತಿರಲಿಲ್ಲ, ಮುಂದೆ ಹುಟ್ಟುವ ಮರಿಗಳ ಮೇಲಿರುತ್ತಿತ್ತು.

ಹದಿಮೂರನೆಯ ದಿನ ಬೇಲಿಯ ಕೆಳಗಿಂದ ಒಬ್ಬ ಉಡಣ್ಣ ಬಂದ. ಉದ್ದ ಬಾಲ, ಒರಟು ಚರ್ಮ, ಅವಸರವಿಲ್ಲದ ನಡಿಗೆ.

ಚುಕ್ಕಿ ಪುಕ್ಕ ಉಬ್ಬಿಸಿದಳು. "ಹತ್ತಿರ ಬರಬೇಡ!"

"ಬರುವುದಿಲ್ಲ ತಂಗಿ. ಸ್ವಲ್ಪ ಬಿಸಿಲು ಕಾಯಿಸಿಕೊಂಡು ಹೋಗುತ್ತೇನೆ," ಎಂದು ಉಡಣ್ಣ ಅಲ್ಲೇ ಕಲ್ಲಿನ ಮೇಲೆ ಮೈಚಾಚಿದ. ತುಸು ಹೊತ್ತಾದ ಮೇಲೆ ಕೇಳಿದ, "ನಿನ್ನ ಮರಿಗಳು ಹೇಗಿರುತ್ತವೆ?"

ಚುಕ್ಕಿಯ ಉಬ್ಬಿದ ಪುಕ್ಕ ತಾನಾಗಿ ಇಳಿಯಿತು. ಇಷ್ಟು ದಿನದಲ್ಲಿ ಅವಳನ್ನು ಯಾರೂ ಆ ಮಾತು ಕೇಳಿರಲಿಲ್ಲ!

"ಮೊದಲನೆಯದು ಬೆಣ್ಣೆಯ ಹಾಗೆ ಬೆಳ್ಳಗಿರುತ್ತದೆ," ಎಂದಳು ಮೆಲ್ಲಗೆ.

"ಆಹಾ! ಕಣ್ಣು ಮುಚ್ಚಿಕೊಂಡು ಹೇಳು ತಂಗಿ. ಆಗ ಇನ್ನೂ ಚೆನ್ನಾಗಿ ಕಾಣುತ್ತದೆ."

ಚುಕ್ಕಿ ಕಣ್ಣು ಮುಚ್ಚಿದಳು. ನಿಜ, ಚೆನ್ನಾಗಿಯೇ ಕಾಣಿಸಿತು. ಬೆಳ್ಳನೆಯ ಮರಿ ಬಾವಿಕಟ್ಟೆ ಹತ್ತಿತು. ಅಲ್ಲಿಂದ ತೆಂಗಿನ ಗರಿಗೆ ಹಾರಿತು, ಗರಿಯಿಂದ ಮೋಡಕ್ಕೆ. "ಹೀಗೆ ಹಾರುತ್ತದೆ ನೋಡು, ಹೀಗೆ!" ಎಂದು ಚುಕ್ಕಿ ಎದ್ದುನಿಂತು ಎರಡೂ ರೆಕ್ಕೆ ಬಿಚ್ಚಿದಳು.

ಉಡಣ್ಣನಿಗೆ ಬೇಕಾದದ್ದು ಅಷ್ಟೇ. ಮೂತಿ ಚಾಚಿದ, ಒಂದು ಮೊಟ್ಟೆ ಗುಳುಂ ಮಾಡಿದ.

"ಬಹಳ ಚೆನ್ನಾಗಿತ್ತು ತಂಗಿ. ನಾಳೆ ಎರಡನೆಯ ಮರಿಯ ಕತೆ ಹೇಳುತ್ತೀಯಾ?"

"ಖಂಡಿತ ಬಾ ಅಣ್ಣ," ಎಂದಳು ಚುಕ್ಕಿ.

ಮರುದಿನ ಬಂದ. ಅದರ ಮರುದಿನವೂ ಬಂದ. ಎರಡನೆಯ ಮರಿ ಜೋಳದ ಬಣ್ಣದ್ದು, ಹಾಡು ಹೇಳುವುದು. ಮೂರನೆಯದು ಮಳೆಯ ಹನಿಗಳ ನಡುವೆ ನೆನೆಯದೆ ನಡೆಯುವುದು. ಒಂದೊಂದು ಕನಸಿಗೂ ಚುಕ್ಕಿ ಕಣ್ಣು ಮುಚ್ಚಿ ಎದ್ದಳು, ರೆಕ್ಕೆ ಬಿಚ್ಚಿದಳು. ಒಂದೊಂದು ಕನಸಿಗೂ ಒಂದೊಂದು ಮೊಟ್ಟೆ ಹೋಯಿತು. ಕೂತ ಜಾಗ ದಿನದಿನಕ್ಕೆ ಸಡಿಲವಾದಾಗ, 'ಮರಿಗಳು ಹಗುರಾಗಿವೆ, ಒಳಗೇ ರೆಕ್ಕೆ ಮೂಡಿರಬೇಕು' ಎಂದುಕೊಂಡು ಹಿಗ್ಗಿದಳು.

ಹದಿನೇಳನೆಯ ದಿನ ಬೂದಕ್ಕ ಧೂಳಿನಲ್ಲಿ ಹೊರಳಾಡುತ್ತಿದ್ದಾಗ, ಹೊಟ್ಟೆ ಎಳೆದುಕೊಂಡು ಬೇಲಿ ನುಸುಳುತ್ತಿದ್ದ ಉಡಣ್ಣನನ್ನು ಕಂಡಳು. ಧೂಳು ಕೊಡವುವಷ್ಟೂ ವ್ಯವಧಾನವಿಲ್ಲದೆ ಓಡಿಬಂದಳು.

"ಚುಕ್ಕೀ, ಆ ಉಡ ಇಲ್ಲಿಗೆ ಬರುತ್ತಾನಾ?"

"ಬರುತ್ತಾನೆ. ನನ್ನ ಮಾತು ಕೇಳುವವನು ಅವನೊಬ್ಬನೇ."

"ಅವನ ಕಿವಿ ನಿನ್ನ ಮಾತಿನ ಮೇಲಿಲ್ಲ ತಾಯಿ, ಕಣ್ಣು ನಿನ್ನ ಮೊಟ್ಟೆಯ ಮೇಲಿದೆ. ಒಂದು ಸಲ ಎದ್ದು ಎಣಿಸು."

"ಎದ್ದರೆ ಕಾವು ಆರುತ್ತದೆ ಅಕ್ಕ," ಎಂದಳು ಚುಕ್ಕಿ. ಉಡಣ್ಣನ ಮುಂದೆ ದಿನಾ ಎದ್ದು ಕುಣಿಯುವಾಗ ಈ ಯೋಚನೆ ಅವಳಿಗೆ ಬಂದಿರಲಿಲ್ಲ. "ನಿನಗೆ ವಯಸ್ಸಾಯಿತು, ಕಾವು ಬರುವುದಿಲ್ಲ. ಅದಕ್ಕೇ ನನ್ನ ಸಂತೋಷ ನೋಡಲಾರೆ."

ಬೂದಕ್ಕ ಬಂದ ದಾರಿಯಲ್ಲೇ ಮೆಲ್ಲಗೆ ಹಿಂದಿರುಗಿದಳು. ಆದರೆ ಅಂದಿನಿಂದ ಒಣಗರಿಯ ರಾಶಿಗೆ ಹತ್ತಿರವೇ ಮಣ್ಣು ಕೆದಕತೊಡಗಿದಳು.

ಇಪ್ಪತ್ತನೆಯ ದಿನ ಬಂತು. ಗಾಳಿ ನಿಂತಿತ್ತು. ಎಲೆಯೂ ಅಲುಗದ ಮಧ್ಯಾಹ್ನ.

"ಇವತ್ತು ಎಂಟನೆಯ ಮರಿಯಲ್ಲವೇ ತಂಗಿ?" ಎಂದ ಉಡಣ್ಣ.

"ಹೌದಣ್ಣ, ಕೊನೆಯದು. ಎಲ್ಲರಿಗಿಂತ ಮುದ್ದು." ಚುಕ್ಕಿ ಕಣ್ಣು ಮುಚ್ಚಿ ಎದ್ದುನಿಂತಳು. "ಅದು ಹಾರುವುದಿಲ್ಲ, ಹಾಡುವುದಿಲ್ಲ. ನನ್ನ ರೆಕ್ಕೆಯಡಿ ಕೂತು, ಅಮ್ಮಾ ಎಂದು ನನ್ನನ್ನೇ ಕರೆಯುತ್ತಿರುತ್ತದೆ. ಹೀಗೆ, ಚಿಂವ್ ಎಂದು..."

"ಚಿಂವ್," ಎಂದು ಕೇಳಿಸಿತು.

ಚುಕ್ಕಿಯ ಮೈ ಜುಮ್ಮೆಂದಿತು. ಎಂಥ ಕನಸು! ದನಿ ಕೂಡ ಕೇಳುತ್ತಿದೆಯಲ್ಲ!

"ಚಿಂವ್... ಚಿಂವ್..."

ದನಿ ಸಣ್ಣದು, ಗೋಡೆಯ ಆಚೆಯಿಂದ ಬಂದಂತೆ. ಆದರೆ ಅದು ರೆಕ್ಕೆಯಡಿಯಿಂದ ಬರುತ್ತಿರಲಿಲ್ಲ. ಮುಂದಿನಿಂದ ಬರುತ್ತಿತ್ತು. ದೂರ ಹೋಗುತ್ತಿತ್ತು.

ಚುಕ್ಕಿ ಕಣ್ಣು ತೆರೆದಳು.

ತಗ್ಗು ಖಾಲಿ. ಒಂದೂ ಮೊಟ್ಟೆಯಿಲ್ಲ. ನಾಲ್ಕು ಹೆಜ್ಜೆ ಆಚೆ ಉಡಣ್ಣ, ಇನ್ನು ಇಲ್ಲಿ ಕೆಲಸವಿಲ್ಲವೆಂದು, ಬೇಲಿಯ ಕಡೆ ತಿರುಗಿದ್ದ. ಅವನ ದವಡೆಯ ನಡುವೆ ಕೊನೆಯ ಮೊಟ್ಟೆ. ಅದರೊಳಗಿಂದ ಮರಿ ಕರೆಯುತ್ತಿತ್ತು.

ಚುಕ್ಕಿ ಯೋಚಿಸಲಿಲ್ಲ. ಕಪ್ಪು ಬೆಂಕಿಯ ಹಾಗೆ ಹಾರಿ ಅವನ ತಲೆಯ ಮೇಲೆ ಬಿದ್ದಳು. ಕುಕ್ಕಿದಳು, ಉಗುರಿನಿಂದ ಪರಚಿದಳು, ರೆಕ್ಕೆಯಿಂದ ಬಡಿದಳು. ಉಡಣ್ಣ ಬಾಲ ಬೀಸಿದ. ಆ ಏಟಿಗೆ ಅವಳು ಎರಡು ಸಲ ಉರುಳಿ ಬಿದ್ದಳು. ಮತ್ತೆ ಎದ್ದಳು. ಹತ್ತಿರದಲ್ಲೇ ಇದ್ದ ಬೂದಕ್ಕ ನುಗ್ಗಿ ಬಂದು ಅವನ ಕಣ್ಣಿನ ಬಳಿಯೇ ಕುಕ್ಕಿದಳು. ಕೆಂಜುಟ್ಟ ಬಾವಿಕಟ್ಟೆ ಹತ್ತಿ ಬೊಬ್ಬೆ ಹಾಕಿದ. ಗಲಾಟೆ ಕೇಳಿ ರೋಸಿ ಬಾಯಮ್ಮ ಪೊರಕೆ ಹಿಡಿದು ಓಡಿಬಂದರು.

ಉಡಣ್ಣ ಬಾಯಿ ಬಿಟ್ಟ. ಮೊಟ್ಟೆ ಒಣಗರಿಯ ಮೇಲೆ ಬಿತ್ತು. ಅವನು ಬೇಲಿ ನುಸುಳಿ ಮಾಯವಾದ.

"ಅಯ್ಯೋ ನನ್ನ ಚುಕ್ಕೀ, ಬದುಕಿದ್ದೀಯಾ!" ಎಂದರು ಬಾಯಮ್ಮ. ಮೊಟ್ಟೆಯ ಮೇಲೆ ಕೂದಲೆಳೆಯಷ್ಟು ಬಿರುಕು. ಅದನ್ನೂ ಅವಳನ್ನೂ ಸೆರಗಿನಲ್ಲಿ ಎತ್ತಿಕೊಂಡು ಅಡುಗೆಮನೆಯ ಮೂಲೆಯ ಬುಟ್ಟಿಯಲ್ಲಿಟ್ಟರು.

ಅಲ್ಲಿ ಹೊಗೆಯಿತ್ತು, ಪಾತ್ರೆಯ ಸದ್ದಿತ್ತು. ಚುಕ್ಕಿಗೆ ಅದು ತಿಳಿಯಲೇ ಇಲ್ಲ. ಕೊಕ್ಕಿನಿಂದ ಮೊಟ್ಟೆಯನ್ನು ಮೆತ್ತಗೆ ತಿರುಗಿಸುವಳು, ಕಿವಿಗೊಡುವಳು, ಮತ್ತೆ ಮೇಲೆ ಕೂರುವಳು. ಮರುದಿನ ಬೆಳಿಗ್ಗೆ ಬಿರುಕು ದೊಡ್ಡದಾಯಿತು. ಒಂದು ಪುಟ್ಟ ಕೊಕ್ಕು ಹೊರಬಂತು.

ಬೂದಕ್ಕ ಅಡುಗೆಮನೆಯ ಹೊಸ್ತಿಲಿಗೆ ಬಂದು ಕತ್ತು ಚಾಚಿದಳು. ಅವಳನ್ನು ಕಂಡು ಚುಕ್ಕಿ ತಲೆ ತಗ್ಗಿಸಿದಳು.

"ಅಕ್ಕಾ, ಅವತ್ತು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ."

"ಅಂದೆ, ನಾನೂ ಕೇಳಿಸಿಕೊಂಡೆ. ಮುಗಿಯಿತು ಬಿಡು. ಮರಿ ಹೇಗಿದೆ? ನಿನ್ನ ಕನಸಿನ ಹಾಗೇ ಇದೆಯಾ?"

ಚುಕ್ಕಿ ರೆಕ್ಕೆ ಸರಿಸಿ ತೋರಿಸಿದಳು. ಒದ್ದೆ ಮೈ, ಬೋಳು ಕತ್ತು. ಬಣ್ಣ ಯಾವುದೆಂದು ಹೇಳುವಂತಿಲ್ಲ. ನಿಲ್ಲಲು ಹೋಗಿ ಮುಗ್ಗರಿಸಿ ಅಮ್ಮನ ಕಾಲಿಗೇ ಬಂದು ಬಿದ್ದಿತು.

"ಇಲ್ಲ ಅಕ್ಕ. ಕನಸಿನ ಮರಿಗಳು ಬಹಳ ಚೆಂದವಿದ್ದವು. ಅವಕ್ಕೆ ಚಳಿಯಿರಲಿಲ್ಲ, ಹಸಿವಿರಲಿಲ್ಲ," ಎಂದಳು ಚುಕ್ಕಿ. "ಇದಕ್ಕೆ ಚಳಿಯಾಗುತ್ತಿದೆ."

ಹಾಗೆಂದು ಮರಿಯನ್ನು ರೆಕ್ಕೆಯಡಿ ಎಳೆದುಕೊಂಡಳು. ಉಳಿದ ಏಳು ಮರಿಗಳ ಜಾಗ ಆ ರೆಕ್ಕೆಯಡಿ ಹಾಗೇ ಖಾಲಿ ಉಳಿಯಿತು. ಮನೆಯೊಳಗೆ ಎಳೆ ಬಿಸಿಲು ಬಂದು ಅವಳ ರೆಪ್ಪೆಯ ಮೇಲೆ ಕೂತಿತು, ಜೋಂಪು ಹತ್ತಿ ಮೈ ತೂಗತೊಡಗಿತು. ಚುಕ್ಕಿ ಮಾತ್ರ ಕಣ್ಣು ಅಗಲಿಸಿ ಹೊಸ್ತಿಲ ಕಡೆ ನೋಡುತ್ತಾ ಕೂತಳು.

ನೀತಿ: ನಾಳೆಯ ಕನಸು ಎಷ್ಟೇ ಚೆಂದವಿರಲಿ, ಅದನ್ನು ನನಸು ಮಾಡಬೇಕಾದವರು ಇವತ್ತು ಕಣ್ಣು ತೆರೆದಿರಬೇಕು.