ಮುದ್ದಾಜಿಯ ಮುಖಕ್ಕೆ ಒಪ್ಪಿದ ಕನ್ನಡಕ

ಒಂದಾನೊಂದು ಕಾಲದಲ್ಲಿ ಅನ್ನು, ಕನ್ನಡಕ ಅಂದ್ರೆ ಏನು ಅಂತ ನಮ್ಮ ಸೀಮೇಲಿ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಅನ್ನು, ಹೊನ್ನಗುಡ್ಡ ಅಂತ ಒಂದು ಕೋಟೆ ಊರಿತ್ತಂತೆ. ಅಲ್ಲೊಬ್ಬ ಪಾಳೇಗಾರ, ಅವನಿಗೊಬ್ಬಳೇ ಮಗಳು, ಮುದ್ದಾಜಿ. ಎಂಥಾ ಹುಡುಗಿ ಅಂತೀಯ! ಅಗಲವಾದ ಮುಖ, ಕಾಡಿಗೇಲಿ ಎಳೆದಂಗಿರೋ ದಪ್ಪ ಹುಬ್ಬು, ನಕ್ಕರೆ ಕೆನ್ನೆ ಎರಡೂ ಪೂರಿ ಥರಾ ಉಬ್ಬೋದಂತೆ. ಕುದುರೆ ಏರೋಳು, ಜಗಳ ಬಿಡಿಸೋಳು, ಯಾರಿಗೂ ಒಂದು ಕೆಟ್ಟ ಮಾತು ಆಡಿದೋಳಲ್ಲ.

ಆದ್ರೆ ಪಾಪ, ಅವಳಿಗೆ ದೂರದ್ದು ಕಾಣ್ತಿರಲಿಲ್ವಂತೆ. ಅಂಗಳದ ಆ ಕಡೆ ನಿಂತೋನು ಅಪ್ಪನೋ ಆಳೋ ಗೊತ್ತಾಗ್ತಿರಲಿಲ್ಲ. ಹುಟ್ಟಿದಾಗಿಂದ ಹಂಗೇ ಇದ್ದದ್ದಕ್ಕೆ, ಲೋಕ ಎಲ್ಲರಿಗೂ ಹಿಂಗೇ ಮಬ್ಬುಮಬ್ಬಾಗಿ ಕಾಣುತ್ತೆ ಅಂದ್ಕೊಂಡಿದ್ಲಂತೆ. ಬೀದೀಲಿ ಜನ ಕೈ ಮುಗಿದ್ರೆ ಸುಮ್ಮನೆ ದಾಟಿ ಹೋಗೋಳು, ಕಂಬಕ್ಕೆ ಮಾತ್ರ ಚೆನ್ನಾಗಿ ನಗೋಳು. ನಗಬೇಡ ಕಣೇ, ಅವಳಿಗೇನು ಗೊತ್ತು ಪಾಪ. ಜನ ಮಾತ್ರ ಏನಂದ್ರು? ದೊಡ್ಡೋರ ಮಗಳು, ಸೊಕ್ಕು ಅಂದ್ರು.

ಆಮೇಲೆ ಅಪ್ಪನಿಗೆ ವಯಸ್ಸಾಯ್ತು, ದಸರಾಕ್ಕೆ ಮಗಳಿಗೆ ಪಟ್ಟ ಕಟ್ತೀನಿ ಅಂದನಂತೆ. ಅವನಿಗೊಬ್ಬ ತಮ್ಮ ಇದ್ದ, ತಿಮ್ಮನಾಯಕ ಅಂತ, ಸೋರೇಕಾಯಿ ಥರಾ ಉದ್ದ ಮುಖ. ಅಣ್ಣ, ಎದುರು ನಿಂತ ಜನಾನೇ ಕಾಣದೋಳು ಊರು ಹೆಂಗೆ ಆಳ್ತಾಳೆ, ಪಟ್ಟದ ದಿನ ಮೆಟ್ಟಿಲ ಮೇಲೆ ನಿಂತು ಜನರನ್ನ ಗುರುತು ಹಿಡೀಲಿ, ಆಗದಿದ್ರೆ ಪಟ್ಟ ನನಗೆ ಕಟ್ಟು ಅಂದ. ಊರೂ ಅದನ್ನೇ ಅಂತಿತ್ತಲ್ಲ, ಅಪ್ಪ ಒಪ್ಪಲೇಬೇಕಾಯ್ತು.

ಅಷ್ಟೊತ್ತಿಗೆ ಕಡಲ ಕಡೆಯಿಂದ ಮೀರಾ ಸಾಬರು ಅಂತ ಒಬ್ಬ ಗಾಜಿನ ವ್ಯಾಪಾರಿ ಬಂದ್ರಂತೆ. ಮುದ್ದಾಜಿ ಕಣ್ಣು ಕಿರಿದು ಮಾಡಿ ನೋಡೋದು ಕಂಡು, ಒಂದೊಂದೇ ಗಾಜು ತೆಗೆದು ಅವಳ ಕಣ್ಣಿಗೆ ಹಿಡಿದ್ರು. ಒಂದು ಗಾಜು ಹಿಡಿದಾಗ ಅವಳು ಕಿಟಕಿಯಿಂದಾಚೆ ನೋಡಿ, ಅಯ್ಯೋ, ಹುಣಸೇಮರದ ಒಂದೊಂದು ಎಲೇನೂ ಬೇರೆಬೇರೆಯಾಗಿ ಕಾಣುತ್ತೆ! ಅಂತ ಕೂಗಿ ಅತ್ತೇಬಿಟ್ಲಂತೆ.

ಗಾಜು ಸಿಕ್ತು. ಇನ್ನು ಅದನ್ನ ಮುಖದ ಮೇಲೆ ನಿಲ್ಲಿಸೋಕೆ ಫ್ರೇಮು ಬೇಕಲ್ಲ? ಮೊದಲು ಅವಳ ಸೋದರತ್ತೆ ಬಂದ್ಲು. ನಮ್ಮ ಮನೆ ಹುಡುಗಿಗೆ ಚಿನ್ನದ್ದೇ ಆಗಬೇಕು ಅಂತ ಕೆಂಪು ಹರಳು ಕೂರಿಸಿ ಮಾಡಿಸಿದ್ಲು. ಭಾರ ಅಂದ್ರೆ ಭಾರ, ಮೂಗಿನ ಮೇಲಿಂದ ಜಾರೋದು, ಜಾರಬಾರದು ಅಂತ ಮುದ್ದಾಜಿ ತಲೆ ಎತ್ತಿಕೊಂಡೇ ನಡೆದ್ಲು. ಜನ ಹರಳು ನೋಡಿದ್ರು, ಅವಳ ಮುಖ ಯಾರೂ ನೋಡ್ಲಿಲ್ಲ. ಮೊದಲು ನಮ್ಮನ್ನ ನೋಡ್ತಿರಲಿಲ್ಲ, ಈಗ ಮೂಗೂ ಮೇಲಾಯ್ತು ಅಂದ್ರಂತೆ.

ಆಮೇಲೆ ಅವಳ ತಾಯಿ ಬಂದ್ಲು. ಕನ್ನಡಕ ಹಾಕಿದೀಯ ಅಂತ ಯಾರಿಗೂ ತಿಳೀಬಾರದು ಮಗಳೇ ಅಂತ, ಕೂದಲೆಳೆಯಷ್ಟು ಸಣ್ಣ ಬೆಳ್ಳಿ ತಂತೀಲಿ ಪುಟ್ಟಪುಟ್ಟ ಸುತ್ತು ಮಾಡಿಸಿದ್ಲು. ಅಷ್ಟಗಲದ ಮುಖಕ್ಕೆ ಅದು ಕುಂಬಳಕಾಯಿಗೆ ಎರಡು ಗುಂಡಿ ಹೊಲಿದಂಗಾಯ್ತು. ಕಣತಲೆ ಒತ್ತಿ ತಲೆನೋವು ಬಂತು. ಅದಕ್ಕಿಂತ ಹೆಚ್ಚಾಗಿ, ಏನೋ ತಪ್ಪು ಮುಚ್ಚಿಡ್ತಿದ್ದೀನಿ ಅನ್ನಿಸಿ ಅವಳು ಜನರ ಮುಂದೆ ತಲೆ ತಗ್ಗಿಸೋ ಹಾಗಾಯ್ತಂತೆ.

ಪಟ್ಟದ ದಿನ ಹತ್ತಿರ ಬಂತು. ಮುದ್ದಾಜಿ ಒಡವೆ ಎಲ್ಲಾ ತೆಗೆದಿಟ್ಟು, ಆ ಬೆಳ್ಳೀದನ್ನ ಕಣ್ಣಿಗಿಟ್ಟು ಕನ್ನಡಿ ಮುಂದೆ ಕೂತ್ಲು. ತನ್ನ ಮುಖಾನ ಅಷ್ಟು ಹೊತ್ತು, ಅಷ್ಟು ನಿಚ್ಚಳವಾಗಿ ಅವಳು ನೋಡಿದ್ದು ಅವತ್ತೇ. ಹುಬ್ಬು ಅಪ್ಪಂದು, ಅಗಲ ದವಡೆ ಅಜ್ಜೀದು, ಮೂಗು ಮಾತ್ರ ಯಾರದ್ದೂ ಅಲ್ಲ, ತನ್ನದೇ. ಚೆನ್ನಾಗಿದ್ದೀನಲ್ಲ ಅಂದ್ಕೊಂಡ್ಲಂತೆ. ಆಮೇಲೆ ಸಾಬರನ್ನ ಕರೆಸಿ, ಸಾಬರೇ, ಇದನ್ನ ಮುಚ್ಚೋದೂ ಬೇಡ, ಮೆರೆಸೋದೂ ಬೇಡ, ಈ ಮುಖದ ಜತೆ ಹೋಗೋ ಥರಾ ಮಾಡೋಣ ಅಂದ್ಲು.

ಇಬ್ಬರೂ ಸೇರಿ ಕೋಡಿನ ಬಾಚಣಿಗೆ ಮಾಡೋ ಗಂಗಮಾಳವ್ವನ ಹತ್ರ ಹೋದ್ರು. ಅವಳು ಎಮ್ಮೆ ಕೋಡು ಕಾಯಿಸಿ, ಬಗ್ಗಿಸಿ, ಉಜ್ಜಿ, ಮೇಲಿನ ಗೆರೆ ಹುಬ್ಬಿನ ಜತೆಗೇ ಓಡೋ ಹಾಗೆ, ಮುಖದಷ್ಟೇ ಅಗಲಕ್ಕೆ, ಕಪ್ಪಗೆ ಮಿರಿಮಿರಿ ಮಿಂಚೋ ಫ್ರೇಮು ಮಾಡಿದ್ಲಂತೆ. ಸಾಬರು ಮೂರು ಪರೀಕ್ಷೆ ಇಟ್ರು. ಬಗ್ಗಿ ನೋಡಮ್ಮ ಅಂದ್ರು. ಬಗ್ಗಿದ್ಲು, ಜಾರಲಿಲ್ಲ. ಓಡು ಅಂದ್ರು. ಓಡಿದ್ಲು, ಅಲ್ಲಾಡಲಿಲ್ಲ. ಈಗ ನಗು ಅಂದ್ರು. ಬಾಯಿ ತುಂಬಾ ನಕ್ಕಳು, ಪೂರಿ ಕೆನ್ನೆ ಉಬ್ಬಿದ್ರೂ ಫ್ರೇಮಿಗೆ ತಾಗಲಿಲ್ಲ. ಹೂಂ, ಇದು ನಿನ್ನದು ತಾಯಿ ಅಂದ್ರಂತೆ.

ಅತ್ತೆ ಎದೆ ಬಡ್ಕೊಂಡ್ಲು. ಎಮ್ಮೆ ಕೋಡಾ? ಪಟ್ಟಕ್ಕೆ ಕೂರೋಳ ಮುಖದ ಮೇಲಾ? ಮುದ್ದಾಜಿ ಅಂದ್ಲು, ಅತ್ತೆ, ಎಮ್ಮೆಗೆ ಒಪ್ಪಿತ್ತು, ನನಗೂ ಒಪ್ಪಿದೆ, ಇನ್ಯಾರನ್ನ ಕೇಳ್ಬೇಕು?

ಆಮೇಲೆ ಪಟ್ಟದ ದಿನ ಊರೆಲ್ಲಾ ಕೋಟೆ ಬಾಗಿಲವರೆಗೆ ನೆರೆದಿತ್ತು. ಮುದ್ದಾಜಿ ತಲೆ ಎತ್ತಲೂ ಇಲ್ಲ, ತಗ್ಗಿಸಲೂ ಇಲ್ಲ, ನೆಟ್ಟಗೆ ಬಂದು ಮೆಟ್ಟಿಲ ಮೇಲೆ ನಿಂತ್ಲು. ಹೆಂಗೆ ಕಾಣ್ತಿದ್ಲು ಅಂತೀಯ! ಮುಖಾನೇ ಕಣ್ಣು ತೆರೆದು ಕೂತಂಗೆ. ಮುಂದಿದ್ದೋರನ್ನ ಹೆಸರು ಹಿಡಿದು ಮಾತಾಡಿಸಿದ್ಲು. ಇದೇನು ಮಹಾ, ಮುಂದಿರೋರು ಯಾರಿಗಾದ್ರೂ ಕಾಣ್ತಾರೆ ಅಂದ ತಿಮ್ಮನಾಯಕ. ಅಷ್ಟರಲ್ಲಿ ಅವಳ ಕಣ್ಣು ಬಾಗಿಲ ಹತ್ರ ಹೋಯ್ತು. ಅಲ್ಲೊಬ್ಬ ಹೆಂಗಸು ಕಂಕುಳಲ್ಲಿ ಕೂಸು ಇಟ್ಕೊಂಡು, ಕೈ ಎತ್ತಿ, ಮತ್ತೆ ಇಳಿಸಿಬಿಟ್ಲು. ಹಸಿರು ಸೀರೆಯಮ್ಮ, ಏನೋ ಹೇಳೋಕೆ ಬಂದು ನಿಲ್ಲಿಸಿದೆಯಲ್ಲ, ಹೇಳು ಅಂತ ಮುದ್ದಾಜಿ ಕೂಗಿದ್ಲಂತೆ.

ಆ ಹೆಂಗಸು ಮುಂದೆ ಬಂದು, ಕೆಳಗೇರಿ ಕಾಲುವೆ ಹೂಳು ತುಂಬಿ ವರ್ಷಾಯ್ತವ್ವ, ಪ್ರತಿ ಸಭೇಲೂ ಕೈ ಎತ್ತೀನಿ, ಯಾರ ಕಣ್ಣಿಗೂ ಬೀಳಲಿಲ್ಲ ಅಂದ್ಲು. ನಾಳೆ ಹೊತ್ತು ಮೂಡೋದ್ರೊಳಗೆ ಗುದ್ದಲಿ ಹಿಡಿದು ನಾನೇ ಬರ್ತೀನಿ ಅಂದ್ಲು ಮುದ್ದಾಜಿ. ಊರೇ ಹೋ ಅಂತು. ಅಲ್ಲೇ ಪಟ್ಟ ಕಟ್ಟಿದ್ರು.

ಆಮೇಲೇನಾಯ್ತು ಗೊತ್ತಾ? ಒಂದಿನ ತಿಮ್ಮನಾಯಕ ಮೆಲ್ಲಗೆ ಬಂದು, ಮಗಳೇ, ನನಗೂ ಈಚೀಚೆಗೆ ಅನ್ನದಲ್ಲಿ ಕಲ್ಲು ಕಾಣಲ್ಲ ಅಂದನಂತೆ. ಅವಳು ಸಿಟ್ಟು ಗಿಟ್ಟು ಇಟ್ಕೊಂಡೋಳೇ ಅಲ್ಲ. ಅವನಿಗೆ ಬೇಕಾದ ಗಾಜನ್ನ ಸಾಬರ ಹತ್ರ ತರಿಸಿದ್ಲು. ನಿನ್ನಂಥದ್ದೇ ಫ್ರೇಮು ಕೊಡು ಅಂದ. ಹಾಕಿದ್ರೆ, ಆ ಉದ್ದ ಮುಖದಲ್ಲಿ ಬರೀ ಕೋಡೇ ಕಾಣೋದು! ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ಕರು. ಆಮೇಲೆ ಅವಳು ಚಿಕ್ಕಪ್ಪನ ಪಕ್ಕ ಕೂತು, ಗಂಗಮಾಳವ್ವ ಮಾಡಿಕೊಟ್ಟ ಫ್ರೇಮು ಒಂದೊಂದೇ ಹಾಕಿ ತೆಗೆದು, ತೆಳ್ಳನೆ ಕಂದು ಬಣ್ಣದ್ದೊಂದು ಆರಿಸಿ ಕಿವಿಗೆ ಸಿಗಿಸಿದ್ಲು. ಅವನು ಕನ್ನಡೀಲಿ ನೋಡ್ಕೊಂಡು, ಮೀಸೆ ತಿರುವಿ, ಪರವಾಗಿಲ್ವೇ ನಾನು ಅಂದನಂತೆ.

ಅಷ್ಟು ಹೊತ್ತಿಗೆ ಕತೆಗೂ ಕಣ್ಣು ಎಳೀತು, ಮುಗೀತು. ನೀನೂ ಕಣ್ಣು ಮುಚ್ಚು ಮರಿ.