ಎಂಟು ಬಟ್ಟಲು ನಿಂಬೆ ಪಾನಕ

ನಮ್ಮ ಮುತ್ತಜ್ಜಿಯ ಮುತ್ತಜ್ಜಿಗೂ ಹಿಂದೆ, ಐಸು ಅನ್ನೋ ಮಾತನ್ನೇ ಯಾರೂ ಕೇಳದಿದ್ದ ಒಂದು ಕಾಲದಲ್ಲಿ, ಬಂಡೆಗಳ ನಡುವೆ ಒಂದು ಕೋಟೆ ಇತ್ತಂತೆ, ಕೋಟೆಗೊಬ್ಬ ದೊರೆ ಇದ್ದನಂತೆ, ದೊರೆಗೆ ಆರು ವರ್ಷದ ಒಬ್ಬಳೇ ಮಗಳು, ಹೂವಾಜಿ ಅಂತ. ಕಾಲು ಆಡಿಸ್ಬೇಡ ಪುಟ್ಟಿ, ಹೊದಿಕೆ ಜಾರುತ್ತೆ. ಆ ಕೋಟೆಗೆ ಪಾನಕ ಮಾಡಿಕೊಡೋಕೆ ಅಂತಲೇ ಒಂದು ಮನೆತನ, ಆ ಮನೇಲಿ ಮೂರು ಜನ ಅಕ್ಕತಂಗೀರು. ಕಿರಿಯವಳು ಮುದ್ದಮ್ಮ. ಅವಳಿಗೆ ನಿಂಬೆಹಣ್ಣು ಬಿಟ್ಟರೆ ಬೇರೆ ಲೋಕ ಗೊತ್ತಿಲ್ಲ, ಸಂಗೀತದ ಗಂಧಗಾಳಿ ಇಲ್ಲ. ಅವಳು ಗುನುಗಿದ್ರೆ ಅಕ್ಕಂದಿರು ಕಿವಿ ಮುಚ್ಕೊಳ್ಳೋರಂತೆ.

ಒಂದು ಚಳಿಗಾಲದಲ್ಲಿ ರಾಣಿ ತೀರಿಹೋದಳಂತೆ. ಆವತ್ತಿಂದ ಹೂವಾಜಿ ಮಾತು ಬಿಟ್ಟಳು. ಆಮೇಲೆ ಬೇಸಿಗೆ ಬಂತು, ಬಂಡೆಯೆಲ್ಲ ಕಾದು ಹೆಂಚಾಯ್ತು, ಮಗು ನೀರು ಕುಡಿಯೋದನ್ನೂ ಬಿಟ್ಟಿತಂತೆ. ತುಟಿ ಒಡೀತು, ಕಣ್ಣು ಗುಳಿ ಬಿತ್ತು. ವೈದ್ಯರು ನಾಡಿ ಹಿಡಿದು ನೋಡಿ, ಹೊತ್ತು ಮುಳುಗೋದ್ರೊಳಗೆ ಮಗು ಹೊಟ್ಟೆಗೆ ಒಂದು ತಂಬಿಗೆ ಪಾನಕವಾದ್ರೂ ಇಳೀಬೇಕು, ಇಲ್ಲಾಂದ್ರೆ ನನ್ನ ಕೈಲಿ ಏನೂ ಇಲ್ಲ ಅಂದುಬಿಟ್ಟರಂತೆ. ದೊರೆ ಪಾನಕದ ಮನೆಗೆ ತಾನೇ ಓಡಿಬಂದ, ಕಾಲಲ್ಲಿ ಮೆಟ್ಟೂ ಇಲ್ಲ.

ದೊಡ್ಡಕ್ಕ ಗಡಿಬಿಡೀಲಿ ಹಣ್ಣನ್ನ ಸಿಪ್ಪೆ ಸಮೇತ ಹಿಚುಕಿ ಹಿಂಡಿದಳಂತೆ, ಬೀಜ ಎಲ್ಲ ಬಿತ್ತು, ಪಾನಕ ಕಹಿಯಾಯ್ತು. ಮಗು ನಾಲಿಗೆಗೆ ತಾಗಿಸ್ಕೊಂಡು ಮುಖ ತಿರುಗಿಸ್ತು. ಆಮೇಲೆ ಎರಡನೆಯವಳು ಬೀಜ ತೆಗೆದಳು, ಆದ್ರೆ ಸಕ್ಕರೆ ಕರಗೋವರೆಗೂ ಕಾಯೋ ತಾಳ್ಮೆ ಅವಳಿಗೆಲ್ಲಿ. ಸಕ್ಕರೆ ತಳದಲ್ಲಿ, ಮೇಲೆ ಬರೀ ಹುಳಿ. ಮಗು ಅದನ್ನೂ ತಳ್ಳಿಬಿಡ್ತಂತೆ.

ಆಮೇಲೆ ಮುದ್ದಮ್ಮ ಕೂತಳು. ಹಣ್ಣನ್ನ ಅಂಗೈ ಕೆಳಗಿಟ್ಟು ಮಣೆ ಮೇಲೆ ಮೆತ್ತಗೆ ಉರುಳಾಡಿಸಿದಳಂತೆ, ಹಂಗೆ ಮಾಡಿದ್ರೆ ರಸ ತಾನಾಗೇ ಬಿಡುತ್ತೆ. ಸಕ್ಕರೆ ಮೊದಲು ಕರಗಿಸಿದಳು, ಆಮೇಲೆ ರಸ, ಆಮೇಲೆ ಏಲಕ್ಕಿ, ಒಂದೇ ಒಂದು ಹರಳು ಉಪ್ಪು. ತಣ್ಣಗೆ ಹೆಂಗೆ ಮಾಡಿದಳು ಅಂತೀಯಾ? ಪೆಟ್ಲುಪ್ಪು ಅಂತ ಒಂದಿದೆ, ಯುದ್ಧದಲ್ಲಿ ಹಾರಿಸೋ ತೋಪಿನ ಮದ್ದಿಗೆ ಬೆರೆಸೋದು. ಅದನ್ನ ನೀರಿಗೆ ಹಾಕಿ ಕದಡಿದ್ರೆ ನೀರು ತಣ್ಣಗಾಗಿಬಿಡುತ್ತೆ. ಆ ನೀರೊಳಗೆ ಪಾನಕದ ತಂಬಿಗೆ ಇಳಿಬಿಡೋರಂತೆ ಹಿಂದಿನೋರು. ಜನರನ್ನ ಸುಡೋ ಉಪ್ಪೇ ದಾಹ ತಣಿಸೋಕೂ ಆಗ್ತಿತ್ತು, ನೋಡು.

ಅಷ್ಟು ಚೆಂದದ ಪಾನಕ ತಗೊಂಡುಹೋದ್ರೆ, ಈ ಸಲ ಹೂವಾಜಿ ಬಾಯೇ ತೆರೀಲಿಲ್ಲವಂತೆ. ಮುದ್ದಮ್ಮನಿಗೆ ಅಳು ಬಂತು. ಅಷ್ಟರಲ್ಲಿ ಅವಳ ಕಣ್ಣಿಗೆ ಬಿತ್ತು, ಮಗು ಯಾರನ್ನೂ ನೋಡ್ತಿಲ್ಲ, ಮೂಲೇಲಿರೋ ಖಾಲಿ ಜಮಖಾನಾನೇ ನೋಡ್ತಿದೆ. ಅಲ್ಲೇನಿತ್ತು ಅಂತ ದಾಸಿಯನ್ನ ಕೇಳಿದಳು. ರಾಣಿ ದಿನಾ ಮಧ್ಯಾಹ್ನ ಅಲ್ಲಿ ಕೂತು ಜಲತರಂಗ ನುಡಿಸೋರು, ಮಗು ಅದನ್ನ ಕೇಳ್ತಾ ಮಲಗೋದು, ರಾಣಿ ಹೋದ ಮೇಲೆ ದೊರೆ ನೋಡಲಾರದೆ ಬಟ್ಟಲೆಲ್ಲ ಅಟ್ಟಕ್ಕೆ ಹಾಕಿಸಿದ್ರು ಅಂದಳಂತೆ.

ಮುದ್ದಮ್ಮ ದೊರೆಯ ಕಾಲು ಹಿಡಿದು, ಬುದ್ಧೀ, ಆ ಬಟ್ಟಲು ಕೆಳಗಿಳಿಸಿಕೊಡಿ ಅಂತ ಬೇಡಿದಳಂತೆ. ದೊರೆ ತಾನೇ ಏಣಿ ಹತ್ತಿದ. ಚೀನಾ ದೇಶದಿಂದ ಹಡಗಲ್ಲಿ ಬಂದ ಪಿಂಗಾಣಿ ಬಟ್ಟಲು, ಎಂಟು, ಒಂದಕ್ಕಿಂತ ಒಂದು ಚಿಕ್ಕದು. ಮುದ್ದಮ್ಮ ಅವನ್ನ ಜಮಖಾನದ ಮೇಲೆ ಸಾಲಾಗಿಟ್ಟು, ಎಂಟಕ್ಕೂ ಅಂಚಿನವರೆಗೆ ಪಾನಕ ತುಂಬಿದಳಂತೆ. ಪಾನಕದ ಮನೆಯವರ ಕೈ ಅಲ್ವಾ, ಬಟ್ಟಲು ಕೊರತೆ ಮಾಡಿ ಕೊಟ್ಟರೆ ಅವಮಾನ ಅಂತ ಬೆಳೆದವಳು. ಆದ್ರೆ ಜಲತರಂಗದ ಲೆಕ್ಕ ಬೇರೆ, ನೀರು ಹೆಚ್ಚಾದಷ್ಟೂ ಸ್ವರ ಕೆಳಗಿಳಿಯುತ್ತೆ. ಅದು ಅವಳಿಗೇನು ಗೊತ್ತು? ಬಿದಿರು ಕಡ್ಡಿ ತಗೊಂಡು ತಟ್ಟಿದಳು. ನೀರಲ್ಲಿ ನೆಂದ ತಮಟೆ ಹಂಗೆ ಕೇಳ್ತಂತೆ.

ಆವಾಗ ಹಾಸಿಗೆ ಕಡೆಯಿಂದ ಒಂದು ಸಣ್ಣ ದನಿ.

"ಹಂಗಲ್ಲ. ಜಾಸ್ತಿ ಆಯ್ತು."

ದೊರೆ ಬಾಗಿಲಲ್ಲೇ ಕಲ್ಲಾಗಿ ನಿಂತನಂತೆ. ಆರು ತಿಂಗಳಿಗೆ ಮಗು ಆಡಿದ ಮೊದಲ ಮಾತು ಅದು. ಹೂವಾಜಿ ತೆವಳಿಕೊಂಡು ಜಮಖಾನಕ್ಕೆ ಬಂದಳು, ಪಾನಕ ತೆಗೆಯೋಕೆ ಸೌಟು ಎಲ್ಲಿ ಅಂತ ಸುತ್ತ ನೋಡಿದಳು. ಸೌಟು ಮುದ್ದಮ್ಮನ ಕೈಲೇ ಇತ್ತು. ಅವಳು ಅದನ್ನ ಮೆಲ್ಲಗೆ ಸೀರೆ ನೆರಿಗೆ ಕೆಳಗೆ ಸೇರಿಸಿಕೊಂಡು ಕೂತುಬಿಟ್ಟಳಂತೆ. ಕಳ್ಳಿ.

"ನನ್ನ ಕಿವಿಗೆ ಏನೂ ತಿಳಿಯಲ್ಲ ತಾಯಿ, ನೀವೇ ಸರಿಮಾಡಿ."

ಮಗು ಯೋಚನೆ ಮಾಡ್ತು. ಆಮೇಲೆ ಮೊದಲನೇ ಬಟ್ಟಲಿಗೆ ಬಾಯಿಟ್ಟು ಒಂದು ಗುಟುಕು ಕುಡೀತು, ತಟ್ಟಿತು, ತಲೆ ಅಲ್ಲಾಡಿಸ್ತು. ಇನ್ನೊಂದು ಗುಟುಕು. ತಟ್ಟಿತು. ಇನ್ನರ್ಧ ಗುಟುಕು. ಸರಿ ಬಂತು. ಆಮೇಲೆ ಎರಡನೇದು, ಆಮೇಲೆ ಮೂರನೇದು. ಐದನೇ ಬಟ್ಟಲಲ್ಲಿ ರುಚಿಗೆ ಸೋತು ಜಾಸ್ತಿ ಕುಡಿದುಬಿಡ್ತಂತೆ, ಸ್ವರ ಮೇಲಕ್ಕೆ ಹಾರಿಹೋಯ್ತು, ಮುದ್ದಮ್ಮ ಮತ್ತೆ ತುಂಬಿದಳು, ಅಂಚಿನವರೆಗೇ, ಮಗು ಮತ್ತೆ ಮೊದಲಿಂದ ಕುಡೀತು. ಎಂಟನೇದು ಶ್ರುತಿ ಸೇರೋ ಹೊತ್ತಿಗೆ ಒಂದಲ್ಲ, ಎರಡು ತಂಬಿಗೆ ಪಾನಕ ಹೊಟ್ಟೆಗಿಳಿದಿತ್ತಂತೆ. ಒಡೆದ ತುಟಿ ನೆನೆದಿತ್ತು.

ಆಮೇಲೆ ಹೂವಾಜಿ ಕಡ್ಡಿ ಹಿಡಿದು ಅಮ್ಮ ನುಡಿಸ್ತಿದ್ದ ನೀಲಾಂಬರಿ ನುಡಿಸಿದಳಂತೆ, ತಡವರಿಸಿಕೊಂಡು. ನೀಲಾಂಬರಿ ಅಂದ್ರೆ ಲಾಲಿ ಹಾಡೋ ರಾಗ ಪುಟ್ಟಿ, ಮಕ್ಕಳನ್ನ ಮಲಗಿಸೋ ರಾಗ. ನಡುವೆ ಒಂದ್ಸಲ ಅಮ್ಮಾ ಅಂತ ಬಿಕ್ಕಿ ಅತ್ತಳು, ಅಳ್ತಾನೇ ನುಡಿಸಿದಳು. ಕೊನೆಗೆ ಕಡ್ಡಿ ಕೈಲಿರೋ ಹಂಗೇ ಮುದ್ದಮ್ಮನ ತೊಡೆ ಮೇಲೆ ನಿದ್ದೆ ಹೋದಳಂತೆ. ಹೊತ್ತು ಇನ್ನೂ ಮುಳುಗಿರಲಿಲ್ಲ.

ದೊರೆ ಕಣ್ಣೊರೆಸಿಕೊಂಡು ಬಂದು, ಏನು ಬೇಕಾದ್ರೂ ಕೇಳು ತಾಯಿ ಅಂದನಂತೆ. ಮುದ್ದಮ್ಮ ಮಗೂನ ಅಲುಗಿಸದೆ, ಪಿಸುಮಾತಲ್ಲಿ ಒಂದೇ ಒಂದು ಕೇಳಿದಳು.

"ಬಟ್ಟಲನ್ನ ಮತ್ತೆ ಅಟ್ಟಕ್ಕೆ ಹಾಕ್ಬೇಡಿ, ಬುದ್ಧೀ."

ಹಾಕಲಿಲ್ಲವಂತೆ. ದಿನಾ ಮಧ್ಯಾಹ್ನ ಮುದ್ದಮ್ಮ ಬಟ್ಟಲು ತುಂಬೋಳು, ಹೂವಾಜಿ ಕುಡಿದು ಶ್ರುತಿ ಮಾಡೋಳು, ದೊರೆ ಗೋಡೆಗೊರಗಿ ಕೇಳೋನು. ಮುದ್ದಮ್ಮನಿಗೆ ಕೊನೇವರೆಗೂ ಸ್ವರ ತಿಳೀಲಿಲ್ಲ. ಸೌಟನ್ನೂ ಅವಳು ಯಾರಿಗೂ ಕೊಡಲಿಲ್ಲವಂತೆ.

ಪಾನಕವೂ ಮುಗೀತು, ಕತೆಯೂ ಮುಗೀತು. ಪುಟ್ಟೀ... ಮಲಗಿದಳು, ಪಾಪ.