ಕೆಸರು ಮೆತ್ತಿಕೊಂಡು ಅಕ್ಕನ್ನ ಕರೆಯೋಕೆ ಹೋದವನು

ಕೆರ್ಕೋಬೇಡ ಅಂದ್ನಲ್ಲ ಪುಟ್ಟಿ, ಕೆರೆದಷ್ಟೂ ಉರಿಯತ್ತೆ, ಕೈ ಇಲ್ಲಿ ಕೊಡು, ನಾನು ಹಿಡ್ಕೊಂಡಿರ್ತೀನಿ. ಬಸ್ ಸ್ಟ್ಯಾಂಡಲ್ಲಿ ಅಷ್ಟು ಹೊತ್ತು ಕೂತಿದ್ದಕ್ಕೆ ಸೊಳ್ಳೆ ಕಚ್ಚಿದೆ ಅಷ್ಟೆ, ಬೆಳಗ್ಗೆ ಹೊತ್ತಿಗೆ ಊತ ಇಳಿಯತ್ತೆ. ಸೊಳ್ಳೆ ಯಾಕೆ ಕಚ್ಚತ್ತೆ ಯಾಕೆ ಕಚ್ಚತ್ತೆ ಅಂತ ಬಸ್ಸಿಳಿದಾಗಿಂದ ನನ್ನ ತಲೆ ತಿಂದಿದ್ದೀಯ. ನಂಗೇನು ಗೊತ್ತು, ನಾನೇನು ಸೊಳ್ಳೆನಾ? ಆದ್ರೆ ನಿನ್ನ ಹಾಗೇ ತಲೆ ತಿನ್ನೋನು ಒಬ್ಬ ಇದ್ದನಂತೆ, ಅವನ ಕತೆ ಹೇಳ್ತೀನಿ, ಕಣ್ಣು ಮುಚ್ಚು.

ಒಂದಾನೊಂದು ಕಾಲದಲ್ಲಿ, ಬಸ್ಸೂ ಇಲ್ಲ, ಸೊಳ್ಳೆ ಪರದೆನೂ ಇಲ್ಲ ಅನ್ನೋ ಕಾಲದಲ್ಲಿ, ಒಂದೂರಲ್ಲಿ ಸಿರಿಯವ್ವ ಅಂತ ಒಬ್ಬಳು ಇದ್ದಳಂತೆ. ಅವಳಿಗೆ ಮೂರು ಜನ ಗಂಡುಮಕ್ಕಳು, ಒಬ್ಬಳೇ ಮಗಳು. ದೊಡ್ಡೋನು ಪಾಲಯ್ಯ, ನಡುವಿನವನು ಬೋರಯ್ಯ, ಆಮೇಲೆ ಮಗಳು ಮಲ್ಲಕ್ಕ, ಕೊನೆಯವನು ಚಿತ್ತಯ್ಯ. ಈ ಚಿತ್ತಯ್ಯ ಬಾಯಿ ಬಿಟ್ರೆ ಬರೋದು ಒಂದೇ ಮಾತು, ಯಾಕೆ. ಕೋಳಿ ನೀರು ಕುಡಿದು ಯಾಕೆ ಆಕಾಶ ನೋಡತ್ತೆ, ರೊಟ್ಟಿ ಯಾಕೆ ಉಬ್ಬತ್ತೆ, ಅಜ್ಜನ ಕಿವೀಲಿ ಯಾಕೆ ಕೂದಲು. ಅಣ್ಣಂದಿರು ಬೈಯೋರಂತೆ, ಅವ್ವ ಬಾಯ್ಮುಚ್ಚೋ ಅನ್ನೋಳಂತೆ, ಮಲ್ಲಕ್ಕ ಒಬ್ಬಳೇ ಉತ್ತರ ಹೇಳೋಳು, ಗೊತ್ತಿಲ್ದಿದ್ರೆ ಏನಾದ್ರೂ ಕಟ್ಟಿ ಹೇಳೋಳು, ಹೇಳಿ ಕೊನೇಲಿ ಕಣೋ ದಡ್ಡ ಅನ್ನೋಳಂತೆ.

ಆಮೇಲೆ ಮಲ್ಲಕ್ಕನಿಗೆ ಮದುವೆ ಆಯ್ತಂತೆ. ಬೇಸಿಗೇಲಿ ಆದ ಮದುವೆ. ಗಂಡನ ಊರಿಗೆ ಹೋಗೋಕೆ ಇದ್ದಿದ್ದು ಒಂದೇ ದಾರಿ, ಆ ದಾರಿಗೆ ಅಡ್ಡ ಒಂದು ದೊಡ್ಡ ಜೌಗು. ಬೇಸಿಗೇಲಿ ಅದು ಒಣಗಿ ಬಿರುಕು ಬಿಟ್ಟಿತ್ತು, ಗಾಡಿ ಹೊಡ್ಕೊಂಡು ಸಲೀಸಾಗಿ ಹೋದರಂತೆ. ಮಳೆಗಾಲದಲ್ಲಿ ಅದು ಏನಾಗತ್ತೆ ಅಂತ ಯಾರೂ ಕೇಳಲಿಲ್ಲ. ಚಿತ್ತಯ್ಯ ಕೇಳೋಕೆ ಹೋದನಂತೆ, ಮದುವೆ ಮನೇಲಿ ಅಪಶಕುನ ನುಡೀಬೇಡ ಅಂತ ಸುಮ್ನಿರಿಸಿದರು.

ಅವರಲ್ಲಿ ಒಂದು ಪದ್ಧತಿ ಇತ್ತು. ಮದುವೆ ಆದ ಹುಡುಗಿ ಮೊದಲ್ನೇ ಸಲ ತವರಿಗೆ ಬರೋದು ನಾಗರ ಪಂಚಮಿಗೇ, ಅದೂ ಅಣ್ಣನೋ ತಮ್ಮನೋ ಬಂದು ಕರೆದ್ರೆ ಮಾತ್ರ. ತಾನಾಗಿ ಬರೋ ಹಾಗಿಲ್ಲ. ಮಲ್ಲಕ್ಕನ ಅತ್ತೆ ಇನ್ನೂ ಒಂದು ಕಟ್ಟು ಹಾಕಿದ್ದಳಂತೆ, ಮೂರು ಪಂಚಮಿ ನೋಡ್ತೀನಿ, ಮೂರರಲ್ಲೂ ಯಾರೂ ಬರ್ಲಿಲ್ಲ ಅಂದ್ರೆ ನಿಂಗೆ ತವರೇ ಇಲ್ಲ ಅಂತ ತಿಳ್ಕೋ, ಆಮೇಲೆ ಈ ಮನೇಲಿ ಅವರ ಹೆಸರು ಎತ್ತಬೇಡ ಅಂತ.

ಮೊದಲ್ನೇ ವರ್ಷ ಪಾಲಯ್ಯ ಹೊರಟನಂತೆ. ಸಿರಿಯವ್ವ ಅವನಿಗೆ ಎಣ್ಣೆ ನೀರು ಹಾಕಿ, ಬಿಳಿ ಪಂಚೆ ಉಡಿಸಿ, ಹೊಸ ರುಮಾಲು ಸುತ್ತಿ, ಕೈಗೆ ತಂಬಿಟ್ಟಿನ ಗಂಟು ಕೊಟ್ಟಳು. ಬೀಗರ ಮುಂದೆ ತವರಿನ ಮಾನ ಹೋಗಬಾರದು ನೋಡು, ಅದಕ್ಕೆ. ಮಗ ಮದುಮಗನ ಹಾಗೆ ಮಿಂಚ್ತಾ ಹೋದ, ಹೋಗಿ ಸರಿಯಾಗಿ ಮುಸ್ಸಂಜೇಲಿ ಜೌಗಿಗೆ ಕಾಲಿಟ್ಟನಂತೆ. ಅಷ್ಟೇ ಸಾಕಾಯ್ತು. ಜೊಂಡಿನೊಳಗಿಂದ ಸೊಳ್ಳೆ ಎದ್ದವು ನೋಡು, ಮೋಡ ಎದ್ದ ಹಾಗೆ ಎದ್ದು, ಬರಿ ಮೈ ಬರಿ ಕಾಲು ಎಲ್ಲಿ ಸಿಕ್ತೋ ಅಲ್ಲಿ ಮುತ್ಕೊಂಡ್ವು. ಪಾಲಯ್ಯ ತಂಬಿಟ್ಟಿನ ಗಂಟು ಅಲ್ಲೇ ಬಿಸಾಕಿ ಎದ್ನೋ ಬಿದ್ನೋ ಅಂತ ಓಡಿ ಬಂದನಂತೆ.

ಎರಡನೇ ವರ್ಷ ಬೋರಯ್ಯ. ಇವನು ಸ್ವಲ್ಪ ಜಾಣ, ಸಂಜೆ ಹೋಗಬಾರದು ಅಂತ ಜೌಗಿನ ಈಚೆ ಇದ್ದ ಛತ್ರದಲ್ಲಿ ಉಳ್ಕೊಂಡನಂತೆ, ಅಲ್ಲೊಂದು ಹಗ್ಗದ ಮಂಚ ಇತ್ತು, ಆಹಾ ಅಂತ ಮಲಗಿದ. ಆ ಮಂಚದ ಸಂದಿಗೊಂದೀಲೆಲ್ಲ ತಿಗಣೆ. ಇಡೀ ರಾತ್ರಿ ಹೊರಳಾಡಿ ಹೊರಳಾಡಿ, ಬೆಳಕು ಹರಿಯೋಕೆ ಮುಂಚೇನೇ ಎದ್ದು ಜೌಗಿಗೆ ಇಳಿದ. ಸೊಳ್ಳೆಗೆ ಸಂಜೆ ಹೇಗೋ ಮುಂಜಾವೂ ಹಾಗೇ ಅಂತ ಅವನಿಗೇನು ಗೊತ್ತು. ಮುಖ ಕುಂಬಳಕಾಯಿ ಆಗಿ ಮನೆಗೆ ಬಂದ, ಅವ್ವನಿಗೇ ಗುರುತು ಸಿಗಲಿಲ್ಲವಂತೆ.

ಅಲ್ಲಿ ಮಲ್ಲಕ್ಕ ಎರಡು ಪಂಚಮೀಲೂ ಹೊಸಿಲ ಮೇಲೆ ಕೂತು ದಾರಿ ನೋಡಿದ್ದೇ ನೋಡಿದ್ದು. ಓರಗೆಯವರೆಲ್ಲ ತವರಿಗೆ ಹೋಗಿ ಜೋಕಾಲಿ ಆಡಿ ಬಂದ್ರೆ, ಇವಳು ಒಲೆ ಹೊಗೆಯಿಂದ ಕಣ್ಣೀರು ಬಂತು ಅಂತ ಸುಳ್ಳು ಹೇಳೋಳಂತೆ. ಪಾಪ ಕಣೇ.

ಮೂರನೇ ವರ್ಷ ಬಂತು. ಅಣ್ಣಂದಿರು ಒಲ್ಲೆ ಅಂದ್ರು. ಚಿತ್ತಯ್ಯ ನಾನು ಹೋಗ್ತೀನಿ ಅಂದ. ನೀನಾ, ದಾರೀಲಿ ಸಿಕ್ಕವರನ್ನೆಲ್ಲ ಯಾಕೆ ಯಾಕೆ ಅಂತ ಕೇಳ್ತಾ ನಿಂತ್ರೆ ಪಂಚಮಿ ಕಳೆದು ದೀಪಾವಳಿ ಬರತ್ತೆ ಅಂದಳಂತೆ ಸಿರಿಯವ್ವ. ಆದ್ರೆ ಬೇರೆ ಯಾರಿದ್ದಾರೆ? ಎಣ್ಣೆ ನೀರು ಹಾಕಿ, ಬಿಳಿ ಪಂಚೆ ಉಡಿಸಿ, ರುಮಾಲು ಸುತ್ತಿ, ತಂಬಿಟ್ಟಿನ ಗಂಟು ಕೊಟ್ಟು, ಮಾನ ಕಳೀಬೇಡ ಮಗನೇ ಅಂತ ಕಳಿಸಿದಳು.

ಸಂಜೆಗೆ ಛತ್ರ ಮುಟ್ಟಿದ. ಅಲ್ಲಿ ಕಸ ಗುಡಿಸೋ ಮುದುಕಿ ನೆಲದ ಮೇಲೆ ಚಾಪೆ ಹಾಸ್ತಾ ಇದ್ದಳಂತೆ. ಇವನು ಸುಮ್ನಿರ್ತಾನಾ? ಯಾಕಜ್ಜಿ, ಮಂಚ ಖಾಲಿ ಇದೆಯಲ್ಲ, ನೀನ್ಯಾಕೆ ನೆಲದ ಮೇಲೆ ಮಲಗ್ತೀಯ ಅಂದ. ಮುದುಕಿ ನಕ್ಕಳಂತೆ, ಇಷ್ಟು ವರ್ಷದಲ್ಲಿ ಇದನ್ನ ಕೇಳಿದೋನು ನೀನೊಬ್ಬನೇ ಕಣಪ್ಪ, ಬರೋರೆಲ್ಲ ಬಂದೋರೇ ಬಿದ್ಕೋತಾರೆ, ಆ ಮಂಚದ ತುಂಬ ತಿಗಣೆ, ನೀನು ಹೊರಗೆ ಕಲ್ಲು ಜಗಲೀ ಮೇಲೆ ಮಲ್ಕೋ, ಗಂಟನ್ನ ಕೆಳಗಿಡಬೇಡ, ಗೂಟಕ್ಕೆ ನೇತು ಹಾಕು, ಇಲ್ದಿದ್ರೆ ಅವೂ ನಿನ್ನ ಜೊತೆ ಪ್ರಯಾಣ ಮಾಡ್ತವೆ, ಜಗಲೀಲಿ ಸೊಳ್ಳೆ ಬರದ ಹಾಗೆ ನಾನು ಲಕ್ಕಿ ಸೊಪ್ಪಿನ ಹೊಗೆ ಹಾಕಿರ್ತೀನಿ ಅಂದಳು. ಸೊಳ್ಳೆ ವಿಚಾರಾನೂ ಅವಳೇ ಹೇಳಿದಳಂತೆ, ಬಿಸಿಲೇರಿ ಗಾಳಿ ಬೀಸೋವಾಗ ಅವು ಜೊಂಡಿನ ಬುಡದಲ್ಲಿ ಮಲಗಿರ್ತವೆ, ಆಗ ದಾಟು ಅಂತ.

ಮಾರನೇ ದಿನ ಬಿಸಿಲೇರೋ ತನಕ ಕಾದು ಹೊರಟ. ಜೌಗಿನ ಅಂಚಲ್ಲಿ ಒಂದು ಎಮ್ಮೆ ಕುತ್ತಿಗೆ ತನಕ ಕೆಸರಲ್ಲಿ ಮುಳುಗಿ ಮೆಲುಕು ಹಾಕ್ತಾ ಇತ್ತಂತೆ. ಯಾಕೆ ಎಮ್ಮೆಯಮ್ಮಾ, ಒಳ್ಳೇ ನೀರು ಬಿಟ್ಟು ಕೆಸರಲ್ಲಿ ಯಾಕೆ ಹೊರಳ್ತೀಯ ಅಂತ ಕೇಳಿದ. ಎಮ್ಮೆ ಮಾತಾಡತ್ತಾ ಅಂತ ನೀನು ಕೇಳಬೇಡ, ಆಗೆಲ್ಲ ಮಾತಾಡೋವು. ಎಮ್ಮೆ ಹೇಳ್ತಂತೆ, ನನಗೆ ಕೈ ಇದ್ಯೇನೋ ಹೊಡ್ಕೊಳ್ಳೋಕೆ, ಬಾಲ ಬೆನ್ನಿನ ತನಕ ಬರಲ್ಲ, ಈ ಕೆಸರು ಒಣಗಿದ್ರೆ ಸೊಳ್ಳೆಯ ಸೂಜಿ ಇಳಿಯಲ್ಲ, ಆಚೆ ದಡದ ಬಯಲಲ್ಲಿ ದನದ ದೊಡ್ಡ ನೊಣ ಇದಾವೆ, ಅವೂ ಕಚ್ಚಲ್ಲ ಅಂತ.

ಚಿತ್ತಯ್ಯ ತನ್ನ ಬಿಳಿ ಪಂಚೆ ನೋಡ್ಕೊಂಡ, ಕೆಸರು ನೋಡ್ದ. ಅವ್ವ ಮಾನ ಕಳೀಬೇಡ ಅಂದಿದ್ದಾಳೆ. ಆದ್ರೆ ಅಕ್ಕ ಎರಡು ಪಂಚಮಿಯಿಂದ ಕಾಯ್ತಾ ಇದ್ದಾಳೆ. ಪಂಚೆ ರುಮಾಲು ಬಿಚ್ಚಿ ತಂಬಿಟ್ಟಿನ ಜೊತೆ ಗಂಟು ಕಟ್ಟಿ ತಲೆ ಮೇಲಿಟ್ಕೊಂಡ, ಬರೀ ಲಂಗೋಟೀಲಿ ನಿಂತು ಮುಖಕ್ಕೂ ಬಿಡದ ಹಾಗೆ ಕೆಸರು ಮೆತ್ಕೊಂಡ. ಕಾಲಿನ ಸಪ್ಪಳಕ್ಕೆ ಜೊಂಡಿನ ಬುಡದಿಂದ ಒಂದಷ್ಟು ಸೊಳ್ಳೆ ಎದ್ದು ಬಂದ್ವು, ಕೂತ್ವು, ಎದ್ದು ಹೋದ್ವು. ನಡು ಜೌಗಿಗೆ ಬರೋ ಹೊತ್ತಿಗೆ ಕಾಲು ಜಾರ್ತು, ತಲೆ ಮೇಲಿನ ಗಂಟು ಬಿದ್ದು ಮುಳುಗೇ ಹೋಯ್ತಂತೆ. ಪಂಚೆನೂ ಹೋಯ್ತು, ತಂಬಿಟ್ಟೂ ಹೋಯ್ತು. ಅಳು ಬಂತು ಅವನಿಗೆ. ಆದ್ರೂ ಹಿಂದೆ ತಿರುಗಲಿಲ್ಲ. ಆಚೆ ಬಯಲಲ್ಲಿ ದೊಡ್ಡ ನೊಣ ಸುತ್ತಲೂ ಗುಂಯ್ ಅಂತಿದ್ವು, ಅದಕ್ಕೆ ಕೆಸರು ತೊಳ್ಕೊಳ್ಳದೆ ಹಾಗೇ ಅಕ್ಕನ ಮನೆ ಬಾಗಿಲಿಗೆ ಹೋಗಿ ನಿಂತ.

ಅತ್ತೆ ಬಾಗಿಲಿಗೆ ಬಂದು, ಯಾರೋ ನೀನು ಅಂದಳು. ಮಲ್ಲಕ್ಕನ ತಮ್ಮ, ಕರೆಯೋಕೆ ಬಂದಿದ್ದೀನಿ ಅಂದ. ಅತ್ತೆ ಮೇಲಿಂದ ಕೆಳಗೆ ನೋಡಿದಳಂತೆ. ತವರಿನವರು ಹೀಗೆ ಬರ್ತಾರಾ, ಬಿಳಿ ಪಂಚೆ ಎಲ್ಲಿ, ತಂಬಿಟ್ಟು ಎಲ್ಲಿ, ಹಬ್ಬದ ಊಟಕ್ಕೆ ಯಾರು ಬೇಕಾದ್ರೂ ತಮ್ಮ ಅಂತಾರೆ, ಮುದ್ದೆ ಕೊಡ್ತೀನಿ, ತಿಂದು ಹೋಗ್ತಿರು ಅಂದಳು. ಇವನು ಎಷ್ಟು ಆಣೆ ಇಟ್ರೂ ನಂಬಲಿಲ್ಲ. ಒಳಗೆ ಹಿಟ್ಟು ಬೀಸ್ತಾ ಕೂತಿದ್ದ ಮಲ್ಲಕ್ಕನಿಗೆ ಕಲ್ಲಿನ ಸದ್ದಲ್ಲಿ ಯಾರೋ ಊಟಕ್ಕೆ ಬಂದಿದ್ದಾರೆ ಅಂತಷ್ಟೇ ಕೇಳಿಸ್ತು. ಮಾರನೇ ದಿನಾನೇ ಮೂರನೇ ಪಂಚಮಿ, ಆ ಸಂಜೆ ಬರಿಗೈಲಿ ತಿರುಗಿದ್ರೆ ಅದೂ ಕಳೆದ ಹಾಗೇನೇ.

ಸೋತು ಜಗಲಿ ಮೇಲೆ ಕೂತ. ಮುದ್ದೆ ಮುರಿದ, ತಿನ್ನದೆ ಕೆಳಗಿಟ್ಟ. ಹಾಗೇ ತಲೆ ಎತ್ತಿ ನೋಡ್ತಾನೆ, ಬಾಗಿಲ ಮೇಲೆ ಒಂದು ಕಂತೆ ಲಕ್ಕಿ ಸೊಪ್ಪು ಕಟ್ಟಿದೆ. ದುಃಖ ಎಷ್ಟಿದ್ರೇನು, ಹುಟ್ಟುಗುಣ ಬಿಡತ್ತಾ? ಯಾಕಮ್ಮಾ, ಸೊಳ್ಳೆ ಬರದೆ ಇರ್ಲಿ ಅಂತ ಸೊಪ್ಪು ಕಟ್ಟಿದ್ದೀರಲ್ಲ, ಸೊಳ್ಳೆ ಅದನ್ನ ನೋಡಿ ಹೆದರತ್ತಾ, ಇಲ್ಲ ಮೂಸಿ ಹೆದರತ್ತಾ ಅಂತ ಕೇಳಿದನಂತೆ.

ಒಳಗೆ ಬೀಸ್ತಾ ಇದ್ದ ಕಲ್ಲು ನಿಂತೋಯ್ತು. ಹಿಟ್ಟಿನ ಕೈಲೇ ಮಲ್ಲಕ್ಕ ಓಡಿ ಬಂದಳು. ಅತ್ತೆ ಅಡ್ಡ ನಿಂತಿದ್ದನ್ನೂ ನೋಡದೆ ಹೊಸಿಲು ದಾಟಿ, ಆ ಕೆಸರು ಮುಖಾನ ಎರಡು ಕೈಲಿ ಹಿಡ್ಕೊಂಡು, ಮೂಸಿ ಕಣೋ ದಡ್ಡ, ಮೂಸಿ ಹೆದರತ್ತೆ ಅಂತ ಹೇಳಿ ಹೋ ಅಂತ ಅತ್ತಳಂತೆ.

ಆಮೇಲೆ ಅತ್ತೆ ಏನು ಮಾಡ್ತಾಳೆ ಪಾಪ, ಅವಳೂ ಹೆಣ್ಣಲ್ವಾ. ಬಚ್ಚಲಿಗೆ ಬಿಸಿನೀರು ತೋಡಿದಳು, ಕೆಸರು ಹೋದ್ಮೇಲೆ ನೋಡಿದ್ರೆ ಮೈಮೇಲೆ ಒಂದು ಗಾಯ ಇಲ್ಲ. ಊರೋರೆಲ್ಲ ಬಂದು ನೋಡಿದರಂತೆ. ಮಾರನೇ ದಿನ ಹೊರಡೋವಾಗ ಅತ್ತೆನೇ ಕೆಂಡದ ಮಡಕೇಲಿ ಲಕ್ಕಿ ಸೊಪ್ಪು ಹಾಕಿ ಕೊಟ್ಟು, ಸೊಸೆಗೂ ಕೆಸರು ಹಚ್ಚೋ ಅಂದಳಂತೆ.

ಇಲ್ಲಿ ಸಿರಿಯವ್ವ ಹಬ್ಬದ ದೀಪ ಹಚ್ಚಿ ಬಾಗಿಲಲ್ಲಿ ನಿಂತಿದ್ದಳು. ಎರಡು ಮಣ್ಣಿನ ಗೊಂಬೆ ಅಂಗಳಕ್ಕೆ ಬಂದ್ವು. ಯಾರಪ್ಪ ಅಂತ ಕಣ್ಣು ಕಿರಿದು ಮಾಡಿ ನೋಡ್ತಾಳೆ, ಅದ್ರಲ್ಲೊಂದು ಗೊಂಬೆ, ಯಾಕವ್ವಾ, ಎಲ್ರೂ ಜೋಕಾಲಿ ಆಡ್ತಿದ್ರೆ ನೀನ್ಯಾಕೆ ಬಾಗಿಲಲ್ಲಿ ನಿಂತಿದ್ದೀಯ ಅಂತಂತೆ. ಬಾಯ್ಮುಚ್ಚೋ ಅಂತ ಅವಳು ಆವತ್ತು ಅನ್ನಲಿಲ್ಲ. ನಿಮಗೋಸ್ಕರ ಕಣೋ ಅಂತ ಇಬ್ಬರನ್ನೂ ತಬ್ಕೊಂಡಳು, ಹಬ್ಬದ ಸೀರೆ ಎಲ್ಲ ಕೆಸರಾಯ್ತು.

ಅವತ್ತಿಂದ ಆ ಸೀಮೇಲಿ ಅಕ್ಕತಂಗಿನ ಕರೆಯೋಕೆ ಹೋಗೋರೆಲ್ಲ ಕೆಸರು ಮೆತ್ಕೊಂಡೇ ಹೋಗ್ತಿದ್ರಂತೆ. ಬಿಳಿ ಪಂಚೇಲಿ ಬಂದೋನ್ನ ಬೀಗರು ಅನುಮಾನದಿಂದ ನೋಡೋರು, ಇವನು ನಿಜವಾದ ಅಣ್ಣನೇನಾ ಅಂತ. ಮಲ್ಲಕ್ಕ ವರ್ಷಾವರ್ಷ ತವರಿಗೆ ಬಂದು ಜೋಕಾಲಿ ಆಡಿದಳು, ಚಿತ್ತಯ್ಯ ಕೇಳ್ತಾನೇ ಇದ್ದ, ಅವಳು ಹೇಳ್ತಾನೇ ಇದ್ದಳು. ಅವರು ತಂಬಿಟ್ಟು ತಿಂದು ಕೈ ತೊಳೆದ್ರು, ನಮ್ಮ ಕತೆ ಮುಗೀತು.

ಏನು? ಎಮ್ಮೆಗೆ ಯಾರು ಸ್ನಾನ ಮಾಡಿಸಿದ್ರು ಅಂತನಾ? ಅಯ್ಯೋ ನನ್ನ ಕರ್ಮವೇ. ಮಳೆ ಬಂದು ಮಾಡಿಸ್ತು ಕಣೇ ದಡ್ಡಿ, ಮಲ್ಕೋ.